ಸೈಕಲ್ ಸ್ಟ್ಯಾಂಡಿನ ಕಾವಲು

ಆಸಾಮಿ ಬಂದ. ಮಗ ಹೇಳಿದ ಗುರುತು ಒಂದೂ ತಪ್ಪಿರಲಿಲ್ಲ. ದಪ್ಪ ಮೀಸೆ, ಹಸಿರು ಜಾಕೆಟ್ಟು, ನೆಲ ತನ್ನದೇ ಎಂಬಂಥ ನಡಿಗೆ. ಮೈದಾನದ ಹಿಂದಿನ ಸೈಕಲ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಿದ್ದ ತಿಮ್ಮಯ್ಯನವರು ಬೆನ್ನು ನೆಟ್ಟಗೆ ಮಾಡಿಕೊಂಡರು.

ಬೆಳಿಗ್ಗೆ ದೋಸೆ ತಿನ್ನುತ್ತಾ ಅನಿರುದ್ಧ ದನಿ ತಗ್ಗಿಸಿ ಹೇಳಿದ್ದ: "ಅಪ್ಪಾ, ಹಾರ್ಲೆಮ್ ಟೀಮಿನ ಕ್ಯಾಪ್ಟನ್ ಚಿನ್ಮಯ್ ಇದಾನಲ್ಲ, ಅವನ ಫಾದರ್ರು. ಮರಿಯಪ್ಪ ಅಂತ, ಹಾವೇರಿಯವರು. ಲಾಸ್ಟ್ ಇಯರ್ ಗಲಾಟೆ ಸ್ಟಾರ್ಟ್ ಮಾಡಿದ್ದೇ ಅವರು. ಮ್ಯಾಚ್ ಮುಗಿದು ಎಲ್ಲಾ ತಣ್ಣಗಾಗೋವರೆಗೂ ಗ್ರೌಂಡ್ ಹತ್ರ ಬಿಡಬಾರದು. ಕನ್ನಡದಲ್ಲಿ ಮಾತಾಡಿಸಿ ಕೂರಿಸ್ಕೊಳ್ಳೋದು ನಿಮ್ಮೊಬ್ರಿಂದ್ಲೇ ಸಾಧ್ಯ."

"ಆಟ ಬಿಟ್ಟು ಆ ಮನುಷ್ಯ ಸೈಕಲ್ ಸ್ಟ್ಯಾಂಡಿಗೆ ಯಾಕೋ ಬರ್ತಾನೆ?"

"ಬರ್ತಾರೆ. ಅದು ನಮ್ಗೆ ಬಿಡಿ."

ಯುಟ್ರೆಕ್ಟ್ ತಂಡದ ಕ್ಯಾಪ್ಟನ್ನೇ ಹೀಗೆ ಕೇಳಿಕೊಂಡ ಮೇಲೆ ಅಪ್ಪನಾದವನು ಇಲ್ಲವೆನ್ನಲಾದೀತೆ? ತಿಮ್ಮಯ್ಯನವರು ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದರು. ಭಾನುಮತಿ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡಿದ್ದರು.

ಕಳೆದ ವರ್ಷ ಇದೇ ಎರಡು ಡಚ್ ಊರುಗಳ ಕಾಲೇಜು ತಂಡಗಳ ಫುಟ್‌ಬಾಲ್ ಆಟ ಮುಗಿದಾಗ ಮಳೆ ಸುರಿಯುತ್ತಿತ್ತು. ಅನಿರುದ್ಧನಿಗೆ ಕಾಲು ಅಡ್ಡ ಕೊಟ್ಟಿದ್ದ ಹಾರ್ಲೆಮ್ ಹುಡುಗನೊಬ್ಬ ಅವನ ಕೈ ಕುಲುಕಲು ಬರುತ್ತಿದ್ದ. ತಿಮ್ಮಯ್ಯನವರಿಗೆ ಮುಂದಾಗುವುದು ಹೊಳೆದುಬಿಟ್ಟಿತು. ಜಗಳ ಇನ್ನೂ ಶುರುವಾಗದಿದ್ದರೂ, ಬಿಡಿಸಲೆಂದು ಎಲ್ಲರಿಗಿಂತ ಮೊದಲು ಓಡಿದ್ದರು. ಕೈಯಲ್ಲಿ ಛತ್ರಿ ಇತ್ತು, ಮಳೆಯಲ್ಲವೇ. ಎದುರು ಕಡೆಯಿಂದಲೂ ಯಾರೋ ತಲೆಗೆ ಟೊಪ್ಪಿ ಎಳೆದುಕೊಂಡು ನುಗ್ಗಿದ್ದ. ಉಳಿದದ್ದನ್ನು ಎರಡೂ ತಂಡಗಳು ಸೇರಿ ನೋಡಿಕೊಂಡವು. ಇಬ್ಬರಿಗೆ ಹಲ್ಲು ಹೋಯಿತು, ರೆಫರಿಗೆ ಕನ್ನಡಕ.

ಈ ಸಲ ಲೀಗಿನವರು ಖಡಾಖಂಡಿತವಾಗಿ ಹೇಳಿದ್ದರು: ಸೆಮಿಫೈನಲ್ ಯಾರೇ ಗೆಲ್ಲಲಿ, ಆಮೇಲೆ ಒಂದು ಕೈ ಮೇಲೆದ್ದರೂ ಎರಡೂ ತಂಡ ಹೊರಕ್ಕೆ. ಅನಿರುದ್ಧನಿಗೆ ಇದು ಕಾಲೇಜಿನ ಕೊನೆಯ ವರ್ಷ. ಫೈನಲ್ ಆಡಬೇಕೆಂದು ಚಳಿಗಾಲವಿಡೀ ಕತ್ತಲಲ್ಲೆದ್ದು ಓಡಿದ್ದ. ಜಗಳ ತಡೆಯಲು ಲೀಗು ಮಾಡದ ಸರ್ಕಸ್ಸಿಲ್ಲ. ತಂಡಕ್ಕೊಂದು ಬಾಗಿಲು, ಬಿಯರ್ ಬಂದ್, ಮನಃಶಾಸ್ತ್ರಜ್ಞೆಯೊಬ್ಬಳಿಂದ ಮೂಗಿನಲ್ಲಿ ಉಸಿರಾಡುವ ಪಾಠ. ಮೂಗಿಗೇ ಗುದ್ದುವವರಿಗೆ ಆ ಪಾಠದಿಂದೇನು ಎಂದು ತಿಮ್ಮಯ್ಯನವರು ನಕ್ಕಿದ್ದರು. ಇಂಥವರನ್ನು ಹದ್ದುಬಸ್ತಿನಲ್ಲಿಡಲು ಮಾತು ಬಲ್ಲವರೇ ಬೇಕು.

"ಏನ್ ಸಾರ್, ಕನ್ನಡದವರಾ?"

"ಅಯ್ಯ, ಹೌದ್ರೀ!" ಮರಿಯಪ್ಪ ಪಕ್ಕದಲ್ಲೇ ಧೊಪ್ಪನೆ ಕೂತ. "ಮೈಸೂರವರೇನ್ರೀ? ಮಾತಿನ್ಯಾಗನ ಗೊತ್ತಾತು ಬಿಡ್ರಿ. ಸಾರಿಗೂ ಬೆಲ್ಲ ಹಾಕಿ ಕೆಡಸೋ ಮಂದಿ ನೀವು."

ಇಷ್ಟು ಸಲೀಸಾಗಿ ಬಲೆಗೆ ಬಿದ್ದನಲ್ಲ! ತಿಮ್ಮಯ್ಯನವರು ದಾರ ಸಡಿಲ ಬಿಟ್ಟರು. "ನಿಮ್ಮ ಖಡಕ್ ರೊಟ್ಟಿ ತಿನ್ನೋಕೆ ಮೊದ್ಲು ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಬೇಕು ಸಾರ್. ಈ ದೇಶದಲ್ಲಿ ಅದು ಸಿಗೋಷ್ಟರಲ್ಲಿ ರೊಟ್ಟಿನೇ ಮೆತ್ತಗಾಗಿರುತ್ತೆ."

ಮರಿಯಪ್ಪ ತೊಡೆ ತಟ್ಟಿ ನಕ್ಕ. ಆದರೆ ಅವನ ಕಣ್ಣು ನಗುತ್ತಿರಲಿಲ್ಲ. ಅದು ಒಮ್ಮೆ ಮೈದಾನದ ಗೇಟಿನತ್ತ, ಒಮ್ಮೆ ತಿಮ್ಮಯ್ಯನವರ ಕೈಗಳತ್ತ ಹೊರಳುತ್ತಿತ್ತು. ಹಳೇ ಕುಳ, ಎಂದುಕೊಂಡರು ತಿಮ್ಮಯ್ಯನವರು.

ಗೋಡೆಯಾಚೆ ಒಮ್ಮೆಲೇ ಗದ್ದಲ. ಗೋಲು! ಮರಿಯಪ್ಪ ಎದ್ದೇಬಿಟ್ಟ.

"ಸಾರ್, ಹಾವೇರಿ ಏಲಕ್ಕಿ ಹಾರ ಹೆಂಗೆ ಕಟ್ತಾರೆ? ನಮ್ಮನೆಯವಳು ಕೇಳ್ತಾನೇ ಇರ್ತಾಳೆ."

ಮರಿಯಪ್ಪ ಒಂದು ಗಳಿಗೆ ಹೊಯ್ದಾಡಿ ಕೂತ. ಏಲಕ್ಕಿ ಆರಿಸುವುದರಿಂದ ಹಿಡಿದು ಗೊಂಡೆ ಕಟ್ಟುವವರೆಗೂ ಒಂದೂ ಬಿಡದೆ ಹೇಳಿದ. ಹಾರದ ಹಿಂದೆ ಅವನ ತಂಗಿಯ ಮದುವೆ ಬಂತು. ಅದು ಮುಗಿಯುವಷ್ಟರಲ್ಲಿ ಇನ್ನೆರಡು ಸಲ ಗದ್ದಲ. ಎರಡನೆಯ ಸಲ ಹುಡುಗರು ಹೆಸರು ಹಿಡಿದು ಕೂಗುತ್ತಿದ್ದರು: "ಅನಿ! ಅನಿ!"

ಮಗ ಗೋಲು ಹೊಡೆದಿದ್ದಾನೆ! ತಿಮ್ಮಯ್ಯನವರ ಕಾಲು ತಾನಾಗಿಯೇ ಎದ್ದಿತು. ಅಷ್ಟರಲ್ಲಿ ಮರಿಯಪ್ಪನ ಕೈ ಅವರ ತೋಳು ಹಿಡಿದು ಕೆಳಕ್ಕೆ ಜಗ್ಗಿತ್ತು.

"ಕುಂದರ್ರೀ! ಬೀಗರು ಸಿಟ್ಟಾಗಿ ಎದ್ದು ಹೋದ ಕತಿನ ಹೇಳಿಲ್ಲ ಇನ್ನೂ."

ಪಾಪ, ಮಾತಿಗೆ ಜನ ಸಿಗದೆ ಸೊರಗಿದ ಜೀವ, ಎನಿಸಿತು ತಿಮ್ಮಯ್ಯನವರಿಗೆ. ಮಗನ ಗೋಲು ಕಣ್ಣಾರೆ ನೋಡಲಾಗಲಿಲ್ಲ. ಆದರೆ ತಾನು ಎದ್ದರೆ ಇವನೂ ಏಳುತ್ತಾನೆ. ಇವನು ಎದ್ದರೆ ಫೈನಲ್ಲು ಹೋಯಿತು. ಹಲ್ಲು ಕಚ್ಚಿ ಕೂತರು.

"ಹೇಳಿ ಸಾರ್. ಬೀಗರು ಯಾಕೆ ಸಿಟ್ಟಾದ್ರು?"

ಬೀಗರ ಸಿಟ್ಟು ಇಳಿಯುವ ಹೊತ್ತಿಗೆ ಕೊನೆಯ ಶಿಳ್ಳೆ ಮೊಳಗಿತು. ತಿಮ್ಮಯ್ಯನವರು ಗೋಡೆಯತ್ತ ಕಿವಿಗೊಟ್ಟರು. ಮರಿಯಪ್ಪನೂ ಅತ್ತಲೇ ಕತ್ತು ಚಾಚಿದ. ಕಳೆದ ವರ್ಷ ಈ ಹೊತ್ತಿಗೆ ಬೈಗುಳ ಶುರುವಾಗಿತ್ತು. ಈಗ ಚಪ್ಪಾಳೆ ಕೇಳಿತು, ಆಮೇಲೆ ನಗು. ನಗು ಹತ್ತಿರವಾಯಿತು. ಮೂಲೆ ತಿರುಗಿ ಅನಿರುದ್ಧ ಮತ್ತು ಚಿನ್ಮಯ್ ಬಂದರು. ಮೈತುಂಬ ಕೆಸರು, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಇಬ್ಬರಿಗೂ ಸೇರಿ ಒಂದೇ ಪೊಟ್ಟಣ ಆಲೂ ಫ್ರೈಸು.

"ಟು ಒನ್, ಅಪ್ಪಾ! ನಾವು ಫೈನಲ್ಲಿಗೆ! ಒಂದೇ ಒಂದು ಏಟೂ ಬೀಳ್ಲಿಲ್ಲ."

ತಿಮ್ಮಯ್ಯನವರು ಮಗನನ್ನು ಪಕ್ಕಕ್ಕೆಳೆದು ಕಿವಿಯಲ್ಲಿ ಉಸುರಿದರು: "ಬೀಳುತ್ತೆ ಹೆಂಗೆ? ಆ ಮನುಷ್ಯನ್ನ ಅಲ್ಲಾಡೋಕೂ ಬಿಡ್ಲಿಲ್ಲ ಕಣೋ ನಾನು."

ಅನಿರುದ್ಧ ತುಟಿ ಕಚ್ಚಿಕೊಂಡು ನೆಲ ನೋಡಿದ. ಅವರ ಬೆನ್ನ ಹಿಂದೆ ಮರಿಯಪ್ಪನೂ ತನ್ನ ಮಗನ ಕಿವಿಯಲ್ಲಿ ಏನೋ ಪಿಸುಗುಡುತ್ತಿದ್ದ. ಅವನ ಪಿಸುಮಾತು ಅರ್ಧ ಮೈದಾನಕ್ಕೆ ಕೇಳುವಂಥದ್ದು.

"ನೀ ಹೇಳಿದಂಗ ಕಡೀತನಕ ಕೂಡಿಸಿಟ್ಟೆ ನೋಡಪಾ ಚಿನ್ನೂ, ಹೋದ ವರ್ಷ ಬಡಿದಾಟ ಹಚ್ಚಿದ ಈ ಮನಶ್ಯಾನ್ನ ಒಮ್ಮಿನೂ ಏಳಗೊಡಲಿಲ್ಲ!"