ಈಜು ಬರುತ್ತದೆಯೇ?

ಊರಿನಿಂದ ಕೆನಾಲ್ ಗೇಟಿನ ದೇವಿಂದ್ರನ ಕರೆ ಮೂರನೆಯ ಸಲ ಬಂದಾಗ ದೋಣಿ ಇನ್ನೂ ಮುರುಡೇಶ್ವರದ ದಂಡೆ ಬಿಟ್ಟಿರಲಿಲ್ಲ. ಅಮರಪ್ಪ ಜೇಬಿಗೆ ಕೈ ಹಾಕಿದ.

“ಎತ್ತಬ್ಯಾಡ್ರಿ,” ಎಂದಳು ಹೆಂಡತಿ ಮಾನಮ್ಮ.

“ಒಮ್ಮೆ ಕೇಳ್ತೀನಿ. ಏನಾಗ್ಯಾದೋ ಏನೋ.”

“ಏನಾಗಿರ್ತದಂತ ನಿಮಗೂ ಗೊತ್ತದ, ನನಗೂ ಗೊತ್ತದ. ಶಹಾಪುರದಾಗ ನೀವೊಬ್ಬರ ಏನು ಗಂಡಸರು?” ಅವಳು ಫೋನು ಕಸಿದು ಬಂದ್ ಮಾಡಿ, ಕೈಚೀಲದಲ್ಲಿ ಬೇವಿನ ಸೊಪ್ಪಿನ ಪೊಟ್ಟಣದ ಕೆಳಗೆ ತುರುಕಿದಳು.

ಆಷಾಢದಲ್ಲಿ ಕೊನೆಯ ಸಲ ಜೀಪು ಹತ್ತಿ ಹೋಗಿ ಬಂದಾಗಿನಿಂದ ಹೀಗೇ ನಡೆದಿತ್ತು. ಯಾರಾದರೂ ಬಾಗಿಲು ಬಡಿದರೆ ಅಮರಪ್ಪ ಹಿಂದಿನ ಕೋಣೆ ಸೇರುತ್ತಿದ್ದ. ಜೀಪಿನ ಸದ್ದು ಕೇಳಿದರೆ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟೇಳುತ್ತಿದ್ದ. ಬಂದವರಿಗೆ “ಊರಾಗಿಲ್ರಿ” ಎಂದು ಸುಳ್ಳು ಹೇಳುವ ಕೆಲಸ ಮಾನಮ್ಮನದು. ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಿರಿ ಎಂದು ಕಲಿಸುವ ಕೆಲಸವೂ ಅವಳದೇ. ಅದಕ್ಕಿಂತ ಕೆಟ್ಟದ್ದು ನೀರಿನ ಹೆದರಿಕೆ. ತಲೆಗೆ ಒಂದು ಚೊಂಬು ನೀರು ಬಿದ್ದರೂ ಅವನ ಉಸಿರು ಕಟ್ಟುತ್ತಿತ್ತು. ಒದ್ದೆ ಟವೆಲಿನಿಂದ ಮೈ ಒರೆಸಿಕೊಳ್ಳುತ್ತ ನಾಲ್ಕು ತಿಂಗಳು ಕಳೆದಿದ್ದ. ಮನೆಯೋ ಕೆನಾಲಿನ ದಂಡೆಗೇ ಇತ್ತು. ಆ ಕಡೆಯ ಕಿಟಕಿ ತೆರೆಯಗೊಡುತ್ತಿರಲಿಲ್ಲ.

ದಸರಾ ರಜೆಗೆ ನೇತ್ರಾಣಿ ದ್ವೀಪಕ್ಕೆ ಹೋಗೋಣ ಎಂದವಳು ಮಾನಮ್ಮನೇ. “ಚೊಕ್ಕ ನೀರಂತ್ರಿ. ತಳ ಕಾಣ್ತದಂತ. ಒಮ್ಮೆ ಇಳೀರಿ. ಆಗಲಿಲ್ಲಂದ್ರ ಮನಿ ಮಾರಿ, ಕೆನಾಲ್ ಇಲ್ಲದ ಊರು ಹುಡುಕೂಣು. ನೀವು ಬಂದ್ರೂ ಬರಲಿಲ್ಲಂದ್ರೂ ನಾನಂತೂ ಇಳಿಯಾಕಿನ.”

ಕೊನೆಯ ಮಾತು ಅವನನ್ನು ಇಲ್ಲಿಯವರೆಗೆ ಎಳೆದು ತಂದಿತ್ತು. ತನ್ನ ಹೆಂಡತಿ ನೀರಿನ ಕೆಳಗೆ, ತಾನು ಶಹಾಪುರದಲ್ಲಿ: ಅದು ಆಗದ ಮಾತಾಗಿತ್ತು.

ದೋಣಿ ಹೊರಟಿತು. ಎಲ್ಲರ ಕೈಗೂ ಒಂದು ಫಾರ್ಮು ಬಂತು. ‘ಈಜು ಬರುತ್ತದೆಯೇ?’ ಎಂಬಲ್ಲಿ ಅಮರಪ್ಪ ಪೆನ್ನು ಹಿಡಿದು ತುಸು ಹೊತ್ತು ಕೂತ. ಆಮೇಲೆ ‘ಇಲ್ಲ’ ಎಂದು ಬರೆದ. ಮಾನಮ್ಮ ಓದಿದಳು. ತನ್ನ ಫಾರ್ಮಿನ ಜೊತೆ ಅದನ್ನೂ ಕೊಟ್ಟುಬಿಟ್ಟಳು.

ಸ್ಕೂಬಾ ಕಲಿಸುವ ಮನ್ಸೂರಅಲಿ ಭಟ್ಕಳದವನು, ಮಾತುಗಾರ. “ಕೆಳಗೆ ಮಾತಿಲ್ಲ, ಬರೀ ಕೈಸನ್ನೆ. ಬೆರಳು ಉಂಗುರ ಮಾಡಿದ್ರೆ ಎಲ್ಲ ಸರಿ. ಹೆಬ್ಬೆರಳು ಎತ್ತಿದ್ರೆ ಮೇಲೆ ಹೋಗುವಾ ಅಂತ. ಏನಾದ್ರೂ ಕೇಳೋದುಂಟಾ?”

“ತಳದಾಗ ಕೆಸರದನೋ, ಕಲ್ಲದನೋ?” ಎಂದ ಅಮರಪ್ಪ.

“ನಿಮಗ್ಯಾಕೆ ಮಾರಾಯ್ರೆ? ನೀವು ತಳ ಮುಟ್ಟೋದೇ ಇಲ್ಲ.”

“ಸೆಳವು ಯಾವ ಕಡಿಗಿ ಅದ?”

“ಈಜು ಬರದವರಿಗೆ ಸೆಳವು ಎತ್ತ ಇದ್ರೇನು! ನಿಮ್ಮ ಕೈ ಹಿಡ್ಕೊಂಡು ನಾನಿರ್ತೇನಲ್ಲ.”

ಎದುರು ಕೂತಿದ್ದ ಬ್ಯಾಂಕ್ ನೌಕರರ ಗುಂಪು ಗೊಳ್ಳೆಂದಿತು. ಒಬ್ಬಾತ ಕೂಗಿದ: “ಹೆದರಬೇಡಿ ಯಜಮಾನ್ರೆ, ನೀವು ಮುಳುಗಿದ್ರೆ ನಾವು ಎತ್ತುತ್ತೇವೆ!”

ಅಮರಪ್ಪನೂ ನಗಲು ನೋಡಿದ. ಮಾನಮ್ಮ ಮಾತ್ರ ತರಗತಿಯ ತಂಟೆಕೋರನನ್ನು ನೋಡುವಂತೆ ಆತನನ್ನು ದಿಟ್ಟಿಸಿದಳು. ಆತ ಸಮುದ್ರದ ಕಡೆ ತಿರುಗಿದ.

ದ್ವೀಪದ ಬಂಡೆಗಳ ಬಳಿ ಲಂಗರು ಬಿತ್ತು. ರಬ್ಬರಿನ ಅಂಗಿ ತೊಡಿಸುವಾಗ ಅಮರಪ್ಪನ ಸೊಂಟದ ಸುತ್ತ ಕಪ್ಪುಗಟ್ಟಿದ ಪಟ್ಟಿಯೊಂದು ಮನ್ಸೂರಅಲಿಗೆ ಕಂಡಿತು; ನೊಗ ಹೊತ್ತ ಎತ್ತಿನ ಹೆಗಲಿನಂಥ ದಡ್ಡು.

“ಇದೆಂಥದು?”

“ಉಡದಾರ. ಬಿಗಿ ಕಟ್ತಿದ್ದೆ.”

ಇನ್ನೊಬ್ಬ ಕಲಿಸುವವನಾದ ಜಲಾಲುದ್ದೀನನ ಜೊತೆ ಮಾನಮ್ಮ ಮೊದಲು ಇಳಿಯುವುದೆಂದಾಯಿತು. ಇಳಿಯುವ ಮುಂಚೆ ಚೀಲ ತೋರಿಸಿದಳು. “ಸೊಪ್ಪು ಇದರಾಗ ಅದ.”

“ಮೀನಿಗೆ ತಂದದ್ದಾ?” ಮನ್ಸೂರಅಲಿ ಕಣ್ಣು ಮಿಟುಕಿಸಿದ.

“ಇವರು ನೀರಿಂದ ಎದ್ದಾಗ ಬೇಕಾಗ್ತದ್ರಿ. ನಮ್ಮ ಮನ್ಯಾಗ ರೂಢಿ,” ಎಂದು, ಉಸಿರಾಟದ ನಳಿಗೆಯನ್ನು ಬಾಯಲ್ಲಿ ಕಚ್ಚಿ, ಹಿಂದಕ್ಕೆ ಮಗುಚಿಕೊಂಡಳು.

ನೀರು ಮುಚ್ಚಿಕೊಂಡಿತು. ಅಮರಪ್ಪ ದೋಣಿಯ ಅಂಚು ಹಿಡಿದು ಕೂತ. ಗುಳ್ಳೆಗಳು ಬರುತ್ತಿದ್ದವು. ಎಣಿಸಿದ. ಗುಳ್ಳೆಗಳು ಬಂಡೆಯ ಆಚೆಗೆ ಸರಿದವು. ಆಮೇಲೆ ಕಾಣಲಿಲ್ಲ. ಕೂಗಿದರೆ ಅವಳಿಗೆ ಕೇಳುವುದಿಲ್ಲ. ಎಳೆಯಲು ಹಗ್ಗವಿಲ್ಲ. ಮಾಡಬಹುದಾದದ್ದು ಒಂದೇ, ಅದನ್ನು ಮಾಡಲು ಅವನ ಕಾಲುಗಳು ಒಪ್ಪುತ್ತಿರಲಿಲ್ಲ.

“ನನ್ನ ಇಳಸ್ರಿ,” ಎಂದ. “ಲಗೂ ಇಳಸ್ರಿ.”

ಮನ್ಸೂರಅಲಿ ಅವನನ್ನು ತಬ್ಬಿಕೊಂಡೇ ಇಳಿಸಿದ. ನೀರು ತಲೆಯ ಮೇಲೆ ಬಂದದ್ದೇ ತಡ, ಅಮರಪ್ಪ ಕಣ್ಣು ಮುಚ್ಚಿದ. ಎರಡೂ ಕೈಗಳು ತಾವಾಗಿಯೇ ಮುಂದೆ ಚಾಚಿ, ನೀರನ್ನು ತಡವಿದವು. ಮನ್ಸೂರಅಲಿ ಕನ್ನಡಕದ ಗಾಜಿನ ಮೇಲೆ ಬೆರಳಿನಿಂದ ಬಡಿದ: ಕಣ್ಣು ಬಿಡಿ.

ಬಿಟ್ಟ. ನೀರಿನೊಳಗೆ ಇಷ್ಟು ದೂರ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನೀಲಿ, ಹಳದಿ ಮೀನುಗಳ ಹಿಂಡು ಬಿರಿದು ದಾರಿ ಕೊಟ್ಟಿತು. ಅದರಾಚೆ ಮಾನಮ್ಮ. ಮುಖ ಕೆಳಗೆ. ಜಡೆ ಬಿಚ್ಚಿ ಕೂದಲು ಹರಡಿತ್ತು. ಕೈಗಳು ಸಡಿಲ. ಅಲುಗಾಟವಿಲ್ಲ.

ಜಲಾಲುದ್ದೀನ ಪಕ್ಕದಲ್ಲೇ ಉಂಗುರ ಮಾಡಿ ತೋರಿಸುತ್ತಿದ್ದ. ಅಮರಪ್ಪನಿಗೆ ಅದು ಕಾಣಲಿಲ್ಲ. ಅವನು ಮತ್ತೆ ಕಣ್ಣು ಮುಚ್ಚಿದ್ದ. ಮನ್ಸೂರಅಲಿಯ ಹಿಡಿತ ಕೊಡವಿಕೊಂಡು, ಎರಡೇ ಬೀಸಿನಲ್ಲಿ, ನೇರ ಅವಳತ್ತ ಹೋದ. ಬೆರಳುಗಳಿಗೆ ಮೊದಲು ಕೂದಲು ಸಿಕ್ಕಿತು. ಆಮೇಲೆ ಭುಜ. ಭುಜದಿಂದ ತಡವುತ್ತ ಮಣಿಕಟ್ಟು. ಕೈ ತಣ್ಣಗಿತ್ತು. ಹಿಡಿದುಕೊಂಡ. ಮುಂದೇನು ಮಾಡಬೇಕೆಂದು ಅವನ ಮೈಗೆ ಗೊತ್ತಿತ್ತು. ಮನಸ್ಸು ಬೇಡ ಬೇಡ ಎನ್ನುತ್ತಿತ್ತು.

ಆ ಕೈ ಹೊರಳಿತು. ಐದೂ ಬೆರಳು ಅವನ ಬೆರಳುಗಳ ನಡುವೆ ತೂರಿ ಬಿಗಿಯಾದವು.

ಇಪ್ಪತ್ತೆರಡು ವರ್ಷಗಳಲ್ಲಿ, ದೇವಿಂದ್ರ ಕೆನಾಲಿನ ಗೇಟು ಇಳಿಸಿ ಫೋನು ಮಾಡಿದಾಗಲೆಲ್ಲ ಪೊಲೀಸ್ ಜೀಪಿನಲ್ಲಿ ಹೋಗಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಮರಪ್ಪ ಆ ಕೆಸರು ನೀರಿನಿಂದ ಎತ್ತಿದ ನೂರ ಹದಿನಾಲ್ಕು ಹೆಣಗಳಲ್ಲಿ ಒಂದೂ ಅವನ ಕೈಯನ್ನು ತಿರುಗಿ ಹಿಡಿದಿರಲಿಲ್ಲ.