ಸಾಗವಾನಿ ಕಾಲು

“ಚಕ್ಕಡ್ಯಾಗ ಕಟಗಿ ಏನರ ಐತೇನು?” ಎಂದು ಆಗಿನ್ನೂ ಮುಂಬೈ ರಾಜ್ಯದಲ್ಲಿದ್ದ ಖಾನಾಪುರದ ಜಂಗಲ್ ನಾಕಾದ ಗಾರ್ಡ್ ಕೇಳಿದ್ದೇ ತಡ, ನಿಂಗವ್ವ ಗಂಡನ ಬಲಗಾಲಿನತ್ತ ಬೆರಳು ತೋರಿಸಿದಳು. “ಒಂದ ಐತ್ರಿ.”

ಗುರುಪುತ್ರಪ್ಪನ ಮೈ ಉರಿಯಿತು. ಎರಡು ವರ್ಷ ಅವಳ ಹೆಗಲಿಗೆ ಜೋತುಬಿದ್ದು ಕುಂಟಿದವನಿಗೆ ಬಡಿಗ ಅಂದು ಮುಂಜಾನೆಯಷ್ಟೇ ಕಟ್ಟಿಕೊಟ್ಟ ಸಾಗವಾನಿ ಕಾಲು ಅದು. ಅವಳು ಅದನ್ನು ಕಾಲು ಎಂದು ಒಮ್ಮೆಯೂ ಕರೆದಿರಲಿಲ್ಲ.

“ಸಾಗವಾನಿಗೆ ಮುಂಬೈ ಸರಕಾರದ ಮುದ್ರಿ ಇಲ್ಲಂದ್ರ ಜಪ್ತಿ. ಬಿಚ್ಚರಿ,” ಎಂದ ಗಾರ್ಡ್.

“ಬಿಚ್ಚತೇನ್ರಿ. ಆದ್ರ ಬೆಳಗಾಂವ್ಯಾಗ ಚಕ್ಕಡಿ ಇಳಿದ ಮ್ಯಾಲ ನನ್ನ ನೀವ ಹೊತಗೊಂಡು ತಿರಗಬೇಕು,” ಎಂದ ಗುರುಪುತ್ರಪ್ಪ.

ಗಾರ್ಡ್ ಗುರುಪುತ್ರಪ್ಪನ ಹೊಟ್ಟೆಯ ಸುತ್ತಳತೆಯನ್ನು ಕಣ್ಣಲ್ಲೇ ಅಳೆದ. ಕಟ್ಟಿಗೆಗೆ ಗುರುತು ಹೊಡೆಯುವ ಸುತ್ತಿಗೆ ತಂದು, ಸಾಗವಾನಿ ಕಾಲಿನ ಮೇಲೆ ಫಟ್ಟನೆ ಮುದ್ರೆ ಬಾರಿಸಿದ.

“ಯವ್ವಾ, ಸತ್ತನೆವ್ವೋ!” ಎಂದು ಗುರುಪುತ್ರಪ್ಪ ಕಿರುಚಿ ಎರಡೂ ಕೈಯಲ್ಲಿ ಕಟ್ಟಿಗೆಯನ್ನು ಅವುಚಿ ಹಿಡಿದ.

ಗಾರ್ಡ್‌ನ ಕೈಯಿಂದ ಸುತ್ತಿಗೆ ಜಾರಿ ಬಿತ್ತು. ನಿಂಗವ್ವ ದಡಬಡಿಸಿ ಕೆಳಗಿಳಿದು, ಮುದ್ರೆ ಬಿದ್ದ ಜಾಗವನ್ನು ಸೆರಗಿನಿಂದ ತಿಕ್ಕುತ್ತ ಗಾರ್ಡ್‌ನ ಮೇಲೆ ಹರಿಹಾಯ್ದಳು: “ಮೆಲ್ಲಕ ಹೊಡೀಬಾರ್ದೇನೋ ಮೂಳಾ? ಕಾಲ ಅದು, ಕಾಲ!”