ಖಾಲಿ ಟೇಪು

ಟೇಪಿನಲ್ಲಿ ಏನೂ ಇರಲಿಲ್ಲ. ಸುಂದರೇಶ ಮೂರನೆಯ ಸಲ ಹಿಂದಕ್ಕೆ ಸುತ್ತಿ, ಮತ್ತೆ ಹಚ್ಚಿ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ. ಉಸ್ಸೆಂದು ಏರಿ, ಇಳಿದು, ಮತ್ತೆ ಏರುವ ಸದ್ದು. ಅಷ್ಟೇ.

ಐವತ್ತು ವರ್ಷ ಹಳೆಯದಾದ, ದೊಡ್ಡ ಚಕ್ರಗಳ ಆ ಟೇಪ್ ರೆಕಾರ್ಡರನ್ನು ಲಷ್ಕರ್ ಮೊಹಲ್ಲಾದ ಅವನ ರಿಪೇರಿ ಅಂಗಡಿಗೆ ತಂದವರು ಕುವೆಂಪುನಗರದ ಬಸವಮ್ಮ. ಎಪ್ಪತ್ತೈದು ದಾಟಿದ ಹೆಂಗಸು. ಆಟೋದಲ್ಲಿ ಅದನ್ನು ಪಕ್ಕಕ್ಕೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಒಂದು ಕೈಯಲ್ಲಿ ಹಿಡಿದೇ ಬಂದಿದ್ದರು. ಗಂಡ ಮಹದೇವಯ್ಯ ಹಾಸಿಗೆ ಹಿಡಿದಿದ್ದರು. ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು ಡಾಕ್ಟರು.

"ಅದ್ರೊಳಗಿರೋದನ್ನ ಒಂದ್ಸಲ ಕೇಳಿಸ್ಬುಡು ಅಂತವ್ರೆ. ಶುಕ್ರವಾರದೊಳಗೆ ಆಗ್ಬೇಕು ಕಣಪ್ಪ."

"ಹಾಡಾ ಅಮ್ಮ?"

"ಹಾಡಲ್ಲ, ಹಾಡು ಮುಗಿದ್ಮೇಲೆ ಹಿಡ್ಕಂಡಿದ್ದು." ಬಸವಮ್ಮ ಸೆರಗಿನಿಂದ ಚಕ್ರದ ದೂಳು ಒರೆಸಿದ್ದರು. "ಜೋರಾಗಿ ಮಾತ್ರ ಇಡ್ಬೇಡ."

ವಯಸ್ಸಾದವರ ಮಾತು ಎಂದುಕೊಂಡು ಅವನು ರಸೀದಿ ಬರೆದುಕೊಟ್ಟಿದ್ದ.

ಸವೆದ ಬೆಲ್ಟ್ ಬದಲಿಸಿದ. ಉಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದ. ಹಳೆಯ ಆಂಪ್ಲಿಫೈಯರಿನ ಜಾಗದಲ್ಲಿ ಈಗಿನ ಕಾಲದ ಪುಟ್ಟ ಬೋರ್ಡ್ ಕೂರಿಸಿದ. ಇಷ್ಟಾದರೂ ಆ ಸದ್ದು ಹೋಗಲಿಲ್ಲ. ಹೋಗುವುದಿರಲಿ, ಇನ್ನೂ ಸ್ಪಷ್ಟವಾಯಿತು. ಮೋಟಾರಿನದಲ್ಲ, ವೇಗ ಕರಾರುವಾಕ್ಕಾಗಿತ್ತು. ಮೂವತ್ತು ವರ್ಷದ ಕಸುಬಿನಲ್ಲಿ ಇಂಥ ದೋಷವನ್ನು ಅವನು ಕಂಡಿರಲಿಲ್ಲ. ಟೇಪೇ ಕೆಟ್ಟಿದೆ ಎಂದು ಕೊನೆಗೆ ತೀರ್ಮಾನಿಸಿದ.

ಗುರುವಾರ ಅವನಿಗೆ ಸಂಕಟ ಶುರುವಾಯಿತು. ಸಾಯುವ ಮನುಷ್ಯನಿಗೆ ಬರೀ ಗಾಳಿ ಕೇಳಿಸುವುದೇ? ಹೇಗೂ ರೆಕಾರ್ಡಿಂಗ್ ಪರೀಕ್ಷಿಸಬೇಕಿತ್ತು. ತನ್ನ ಬಳಿಯಿದ್ದ ಒಂದು ಒಳ್ಳೆಯ ವೀಣಾವಾದನವನ್ನು ಅದೇ ಟೇಪಿಗೆ ಮೊದಲಿನಿಂದ ಕೊನೆಯವರೆಗೆ ತುಂಬಿಸಿದ. ತಂತಿಯ ಒಂದೊಂದು ಮೀಟೂ ತಿಳಿನೀರಿನಂತೆ ಬಂತು. ಆ ಉಸ್ಸೆನ್ನುವ ಸದ್ದಿನ ಸುಳಿವೇ ಇರಲಿಲ್ಲ.

ಶುಕ್ರವಾರ ಅಂಗಡಿ ತೆರೆಯುವ ಹೊತ್ತಿಗೆ ಬಸವಮ್ಮ ಬಾಗಿಲಲ್ಲಿದ್ದರು. ಅವನು ಸ್ಟೂಲ್ ಎಳೆದು ಕೂರಿಸಿ, ಟೇಪ್ ಹಚ್ಚಿ, ಮೆಚ್ಚುಗೆಗಾಗಿ ಅವರ ಮುಖ ನೋಡುತ್ತ ನಿಂತ. ಅವರು ತಲೆ ತಗ್ಗಿಸಿ ತಾಳ್ಮೆಯಿಂದ ಕೇಳಿದರು.

"ಇದಾದ್ಮೇಲೆ ಬತ್ತದಾ?"

"ಏನಮ್ಮ?"

"ನಮ್ದು."

"ನಿಮ್ದು ಖಾಲಿ ಟೇಪು ಕಣಮ್ಮ. ಬರೀ ಉಸ್ಸನ್ನೋ ಸದ್ದು. ಅದನ್ನ ಅಳಿಸ್ಬಿಟ್ಟು ಇದನ್ನ ಹಾಕ್ದೆ. ಯಜಮಾನ್ರಿಗೆ ನೆಮ್ಮದಿಯಾಗ್ಲಿ ಅಂತ."

ಬಸವಮ್ಮ ಬೈಯಲಿಲ್ಲ. ತಿರುಗುತ್ತಿದ್ದ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಡೆದು ನಿಲ್ಲಿಸಿದರು. ಆಮೇಲೆ, ಯಾರಿಗೋ ಎಚ್ಚರವಾದೀತು ಎಂಬಷ್ಟು ಮೆತ್ತಗೆ ಹೇಳಿದರು:

"ಖಾಲಿ ಅಲ್ಲ ಕಣಪ್ಪ, ನಮ್ಮ ಕೂಸು ನಿದ್ದೆ ಮಾಡ್ತಿತ್ತು. ಅದು ಬದುಕಿದ್ದ ಹತ್ತು ತಿಂಗಳಲ್ಲಿ ನಮಗೆ ಉಳಿದಿದ್ದು ಆ ಉಸಿರೊಂದೇ."